ಲೋರಿ ಗಿಳಿಗೆ ಹೂವಿನ ಬದ್ಲು ಏನ್ ಕೊಡೋದು?

ಓದುಗರ ಪ್ರಶ್ನೆ, ಪಶುವೈದ್ಯೆಯ ಉತ್ತರ

ಈ ಸಲ ಬಂದ ಪತ್ರ, ಮೆಸೇಜು ಎಲ್ಲಾದ್ರಲ್ಲೂ ಲೋರಿ, ಲೋರಿಕೀಟ್‌ದೇ ಸುದ್ದಿ, ಎರಡೂ ಒಂದೇ ಗುಂಪಿನ ಗಿಳಿಗಳು. ಮೈಮೇಲೆ ಕೆಂಪು ನೀಲಿ ಹಸಿರು ಎಲ್ಲಾ ಬಳ್ಕೊಂಡಿರೋ ಈ ಗಿಳಿಗಳನ್ನ ಪೆಟ್ ಶಾಪಿಂದ ತರೋರು ಜಾಸ್ತಿ ಆಗಿದ್ದಾರೆ, ಆದ್ರೆ ತಂದ್ಮೇಲೆ ಇದು ಕಾಳು ತಿನ್ನೋ ಗಿಳಿ ಅಲ್ಲ, ಹೂವಿನ ಮಕರಂದ ಕುಡಿಯೋ ಗಿಳಿ ಅಂತ ಗೊತ್ತಾಗಿ ತಲೆ ಕೆರ್ಕೊಳ್ತಾರೆ. ಹಾಗಾಗಿ ಈ ಸಂಚಿಕೆ ಪೂರ್ತಿ ಅವುಗಳ ಊಟದ್ದೇ. ನಾಯಿ ಬೆಕ್ಕಿನೋರು ಸ್ವಲ್ಪ ಅಡ್ಜಸ್ಟ್ ಮಾಡ್ಕೊಳಿ, ನಿಮ್ ಪತ್ರ ಎತ್ತಿಟ್ಟಿದ್ದೀನಿ.

ಪ್ರಶ್ನೆ: ಮೇಡಂ, ಮಗಳ ಹುಟ್ಟುಹಬ್ಬಕ್ಕೆ ಅಂತ ಒಂದು ರೇನ್‌ಬೋ ಲೋರಿಕೀಟ್ ತಂದ್ವಿ. ಅಂಗಡಿಯವರು ಮಕ್ಕಳಿಗೆ ಕೊಡೋ ಸೀರಿಯಲ್ ಪುಡಿ, ಹಾಲಿನ ಪುಡಿ, ಜೇನುತುಪ್ಪ ಕಲಸಿ ಮೂರು ಹೊತ್ತು ಇಡಿ, ಮಧ್ಯೆ ಮಧ್ಯೆ ವಿಟಮಿನ್ ಟಾನಿಕ್ ಹಾಕಿ ಅಂದ್ರು. ಹಕ್ಕಿ ಚಪ್ಪರಿಸ್ಕೊಂಡು ತಿನ್ನುತ್ತೆ, ಆದ್ರೆ ಹಿಕ್ಕೆ ನೀರು ನೀರು, ಗೋಡೆಗೆಲ್ಲಾ ಚಿಮ್ಮುತ್ತೆ. ಭೇದಿ ಆಗಿದ್ಯಾ?
— ದಾವಣಗೆರೆಯ ಓದುಗರು

ಉತ್ತರ: ಮೊದ್ಲು ಗೋಡೆ ವಿಷ್ಯ ಮುಗಿಸ್ಬಿಡೋಣ. ಲೋರಿ ಹಿಕ್ಕೆ ನೀರಾಗೇ ಇರೋದು, ಚಿಮ್ಮೋದೂ ಅದರ ಹುಟ್ಟುಗುಣ, ಕುಡಿಯೋದೆಲ್ಲಾ ನೀರೇ ಆದ್ಮೇಲೆ ಗಟ್ಟಿ ಎಲ್ಲಿಂದ ಬರ್ಬೇಕು, ಅದಕ್ಕೆ ಮಾತ್ರೆ ಗೀತ್ರೆ ಹಾಕಕ್ಕೆ ಹೋಗ್ಬೇಡಿ. ಪಂಜರದ ಹಿಂದೆ ಪ್ಲಾಸ್ಟಿಕ್ ಶೀಟ್ ಕಟ್ಟಿ, ಕೆಳಗೆ ಪೇಪರ್ ಹಾಕಿ ದಿನಾ ಬದಲಾಯಿಸಿ. ಕೆಟ್ಟ ವಾಸನೆ ಬಂತು, ರಕ್ತ ಕಾಣ್ತು, ಹಕ್ಕಿ ಗರಿ ಉಬ್ಬಿಸ್ಕೊಂಡು ಮೂಲೇಲಿ ಕೂತು ಊಟ ಬಿಡ್ತು ಅಂದ್ರೆ ಮಾತ್ರ ಡಾಕ್ಟ್ರ ಹತ್ರ ಓಡಿ.

ಈಗ ಊಟಕ್ಕೆ ಬರ್ತೀನಿ, ಇದು ಸ್ವಲ್ಪ ಉದ್ದ ಆಗುತ್ತೆ. ಆಸ್ಟ್ರೇಲಿಯಾ, ನ್ಯೂಗಿನಿ, ಇಂಡೋನೇಷ್ಯಾದ ಪೂರ್ವದ ದ್ವೀಪಗಳು, ಪೆಸಿಫಿಕ್ ದ್ವೀಪಗಳು ಇವೆಲ್ಲಾ ಈ ಗಿಳಿಗಳ ಊರು. ಅಲ್ಲಿ ನೀಲಗಿರಿ ಮರ, ಬ್ಯಾಂಕ್ಸಿಯಾ, ಬಾಟಲ್ ಬ್ರಷ್, ತೆಂಗಿನ ಹೂವು ಹೀಗೆ ಮರದಿಂದ ಮರಕ್ಕೆ ಗುಂಪು ಕಟ್ಕೊಂಡು ಗಲಾಟೆ ಮಾಡ್ತಾ ಹೂವು ಹುಡುಕೋದೇ ಅವುಗಳ ದಿನದ ಕೆಲಸ. ನಾಲಿಗೆ ತುದೀಲಿ ಕೂದಲಂಥ ಸಣ್ಣ ಎಳೆಗಳಿವೆ, ಹೂವೊಳಗೆ ನಾಲಿಗೆ ಹಾಕಿದಾಗ ಅವು ಎದ್ದು ನಿಂತು ಮಕರಂದ, ಪರಾಗ ಎರಡನ್ನೂ ಒಟ್ಟಿಗೆ ಒರೆಸ್ಕೊಂಡು ಬರ್ತವೆ. ಬೇರೆ ಗಿಳಿಗಳಿಗೆ ಹೊಟ್ಟೇಲಿ ಕಾಳು ಅರೆಯೋ ಬೀಸೋಕಲ್ಲಿನಂಥ ಗಟ್ಟಿ ಮಾಂಸದ ಭಾಗ ಇರುತ್ತಲ್ಲ, ಇವಕ್ಕೆ ಅದು ತೆಳ್ಳಗೆ, ಬಲ ಇಲ್ಲ. ಕರುಳೂ ಗಿಡ್ಡ. ತಿಂದಿದ್ದು ಬೇಗ ಒಳಗೆ ಹೋಗಿ ಬೇಗ ಹೊರಗೆ ಬರೋ ಥರದ ದೇಹ. ಆದ್ರೂ ಸಕ್ಕರೆ ವೇಸ್ಟ್ ಆಗಲ್ಲ, ಗ್ಲೂಕೋಸ್ ಹೆಚ್ಚಿನ ಪಾಲು ಕರುಳಿನ ಗೋಡೆ ದಾಟಿ ತಾನಾಗೇ ರಕ್ತಕ್ಕೆ ಇಳಿದುಬಿಡುತ್ತೆ ಅಂತ 1994ರಲ್ಲಿ ರೇನ್‌ಬೋ ಲೋರಿಕೀಟ್ ಮೇಲೇ ಮಾಡಿದ ಅಧ್ಯಯನ ತೋರಿಸ್ತು.

ಮಕರಂದದಲ್ಲಿ ಏನಿರುತ್ತೆ ಅಂದ್ರೆ ಸುಕ್ರೋಸ್, ಗ್ಲೂಕೋಸ್, ಫ್ರಕ್ಟೋಸ್, ಮಿಕ್ಕಿದ್ದು ನೀರು. ಪ್ರೋಟೀನ್ ಇಲ್ಲ ಅಂತಲೇ ಅನ್ಬಹುದು. ಅದು ಬರೋದು ಪರಾಗದಿಂದ, ಜೊತೆಗೆ ಅಲ್ಲಿ ಇಲ್ಲಿ ಸಿಗೋ ಹುಳದಿಂದ. ಅದೂ ಎಷ್ಟು ಬೇಕು? ಬೆಳೆದ ಲೋರಿಗೆ ಕಾಳು ತಿನ್ನೋ ಗಿಳಿಗಿಂತ ತುಂಬಾ ಕಡಿಮೆ ಪ್ರೋಟೀನ್ ಸಾಕು. ಇಷ್ಟು ತೆಳು ಊಟಕ್ಕೆ ಅಂತಲೇ ಆಗಿರೋ ಹಕ್ಕಿಗೆ ನಾವು ಪ್ರೀತಿ ಹೆಚ್ಚಾಗಿ, ಪಾಪ ಶಕ್ತಿ ಬರ್ಲಿ ಅಂತ, ಮಗೂಗೆ ಮಾಡೋ ಥರ ಎಲ್ಲಾ ತುರುಕ್ತೀವಿ ನೋಡಿ, ಕಾಯಿಲೆ ಶುರುವಾಗೋದೇ ಅಲ್ಲಿಂದ. ನನ್ನ ಹತ್ರ ಬರೋ ಲೋರಿಗಳು ಉಪವಾಸದಿಂದ ಬಂದಿದ್ದಕ್ಕಿಂತ ಉಪಚಾರದಿಂದ ಬಂದಿದ್ದೇ ಹೆಚ್ಚು.

ನಿಮ್ಮ ಮಿಕ್ಸನ್ನೇ ತಗೊಳಿ. ಮಕ್ಕಳ ಸೀರಿಯಲ್ ಪುಡಿಗೆ ಐರನ್ ಬೇಕಂತಲೇ ಸೇರಿಸಿರ್ತಾರೆ, ಮಕ್ಕಳಿಗೆ ರಕ್ತ ಕಡಿಮೆ ಆಗ್ಬಾರ್ದು ಅಂತ. ಮಗೂಗೆ ಒಳ್ಳೇದೇ. ಆದ್ರೆ ಲೋರಿಯ ಕಾಡಿನ ಊಟದಲ್ಲಿ ಐರನ್ ಇರೋದೇ ಅಷ್ಟಕ್ಕಷ್ಟೇ, ಸಿಕ್ಕಿದ್ದನ್ನೆಲ್ಲಾ ಎಳ್ಕೊಂಡು ಇಟ್ಕೊಳ್ಳೋದು ಅದರ ದೇಹದ ಅಭ್ಯಾಸ. ಜಾಸ್ತಿ ಬಂದ್ರೆ ಬೇಡ ಅನ್ನಕ್ಕೆ ಬರಲ್ಲ, ಲಿವರ್‌ನಲ್ಲಿ ತುಂಬ್ಕೊಂಡು ಹೋಗುತ್ತೆ, ವರ್ಷಗಟ್ಟಲೆ ಚೆನ್ನಾಗೇ ಇದ್ದ ಹಕ್ಕಿ ಒಂದಿನ ಹೊಟ್ಟೆ ಉಬ್ಬಿ ಏದುಸಿರು ಬಿಡ್ತಾ ಬರುತ್ತೆ, ಅಷ್ಟೊತ್ತಿಗೆ ಮಾಡೋಕೆ ಹೆಚ್ಚೇನೂ ಉಳಿದಿರಲ್ಲ. ಮೈನಾ, ಟೂಕನ್ ಹಕ್ಕಿಗಳಿಗೂ ಇದೇ ಕಾಟ, ಝೂಗಳಲ್ಲಿ ಇವುಗಳ ಊಟ ಮಾಡೋರು ಐರನ್ ಲೆಕ್ಕ ನೋಡ್ಕೊಂಡೇ ಮಾಡ್ತಾರೆ.

ಹಾಲಿನ ಪುಡಿ ಇನ್ನೂ ಸುಲಭದ ವಿಷ್ಯ: ಹಕ್ಕಿಗೆ ಹಾಲಿನ ಸಕ್ಕರೆ ಜೀರ್ಣ ಮಾಡೋ ಶಕ್ತಿ ಇಲ್ಲ, ಬಿಟ್ಬಿಡಿ. ಜೇನುತುಪ್ಪ ವಿಷ ಏನಲ್ಲ, ಆದ್ರೆ ಕಾಯಿಸದ ಜೇನಲ್ಲಿ ಯೀಸ್ಟು, ಬ್ಯಾಕ್ಟೀರಿಯಾದ ಬೀಜಾಣು ಇರ್ತವೆ, ಗಟ್ಟಿ ಜೇನಲ್ಲಿ ಅವು ಸುಮ್ನೆ ಕೂತಿರ್ತವೆ, ನೀರು ಸೇರಿದ ಕೂಡ್ಲೇ ಎದ್ದು ಕೆಲಸ ಶುರು ಮಾಡ್ತವೆ. ಟಾನಿಕ್ಕಂತೂ ಬೇಡವೇ ಬೇಡ. ವಿಟಮಿನ್ ಎ ಜಾಸ್ತಿ ಆದ್ರೆ ಲೋರಿಗೆ ಅದೂ ಒಂದು ಕಾಯಿಲೆ. ಹಣ್ಣಿನ ಬೀಟಾ ಕ್ಯಾರೋಟಿನ್ ಆದ್ರೆ ದೇಹ ಬೇಕಾದಷ್ಟನ್ನ ಮಾತ್ರ ವಿಟಮಿನ್ ಮಾಡ್ಕೊಳ್ಳುತ್ತೆ, ಡ್ರಾಪ್ಸ್‌ನಲ್ಲಿ ಬರೋ ರೆಡಿ ವಿಟಮಿನ್‌ಗೆ ಆ ತಡೆ ಇಲ್ಲ.

ಏನ್ ಮಾಡ್ಬೇಕು ಅಂದ್ರೆ, ಲೋರಿಗೆ ಅಂತಲೇ ಮಾಡಿರೋ ಮಕರಂದದ ಪುಡಿ ತಗೊಳಿ. ಆಸ್ಟ್ರೇಲಿಯಾದ ವೊಂಬಾರೂ, ಜರ್ಮನಿಯ ನೆಕ್ಟನ್ ಲೋರಿ ಇಂಥವು ಹಳೇ ಹೆಸರುಗಳು, ನಮ್ಮಲ್ಲೂ ಆನ್‌ಲೈನ್‌ನಲ್ಲಿ ಹುಡುಕಿದ್ರೆ ಒಂದಲ್ಲ ಒಂದು ಸಿಗುತ್ತೆ, ಯಾವುದೇ ತಗೊಂಡ್ರೂ ಡಬ್ಬದ ಹಿಂದೆ ಐರನ್ ಎಷ್ಟು, ವಿಟಮಿನ್ ಎ ಎಷ್ಟು ಅಂತ ಓದಿ. ನೀರಿನ ಅಳತೆ ಡಬ್ಬದ ಮೇಲೆ ಹೇಳಿದಂಗೇ, ಗಟ್ಟಿ ಮಾಡ್ಬೇಡಿ. ಒಂದೇ ದಿನದಲ್ಲಿ ಹಳೇದು ನಿಲ್ಲಿಸಿ ಹೊಸದು ಇಟ್ರೆ ಮುನಿಸ್ಕೊಂಡು ಉಪವಾಸ ಕೂರುತ್ತೆ, ಹಳೇದ್ರಲ್ಲೇ ದಿನಾ ಸ್ವಲ್ಪ ಸ್ವಲ್ಪ ಹೊಸದು ಸೇರಿಸ್ತಾ ಒಂದೆರಡು ವಾರದಲ್ಲಿ ಪೂರ್ತಿ ಬದಲಾಯಿಸಿ. ಅಡುಗೆಮನೆ ಡಿಜಿಟಲ್ ತಕ್ಕಡಿ ಇದ್ರೆ ದಿನಾ ಬೆಳಿಗ್ಗೆ ತೂಕ ಬರ್ದಿಡಿ, ನೂರು ನೂರೈವತ್ತು ಗ್ರಾಮಿನ ಹಕ್ಕೀಲಿ ಹತ್ತು ಗ್ರಾಂ ಇಳಿದ್ರೆ ಅದು ಸಣ್ಣ ಮಾತಲ್ಲ. ಜೊತೆಗೆ ಪಪ್ಪಾಯ, ಸೇಬು, ಪಿಯರ್, ದ್ರಾಕ್ಷಿ. ಸೇಬಿನ ಬೀಜ ತೆಗೀರಿ. ಕಿತ್ತಳೆ ಮೋಸಂಬಿ ಕಡಿಮೆ ಇರ್ಲಿ, ಅದರ ವಿಟಮಿನ್ ಸಿ ಊಟದಲ್ಲಿರೋ ಐರನ್ನನ್ನ ಇನ್ನೂ ಚೆನ್ನಾಗಿ ಒಳಗೆ ಎಳೆಯುತ್ತೆ. ಕುಡಿಯೋ ನೀರು ಬೇರೆ ಬಟ್ಟಲಲ್ಲಿ ಯಾವಾಗ್ಲೂ ಇರ್ಬೇಕು, ಮಕರಂದವೇ ನೀರಲ್ವಾ ಅಂತ ಸುಮಾರು ಜನ ಇಡೋದೇ ಇಲ್ಲ.

ಪ್ರಶ್ನೆ: ನಮ್ಮ ಮನೇಲಿ ಬಜ್ಜಿ (ಬಡ್ಜರಿಗಾರ್) ಗಿಳಿಗಳಿವೆ, ಈಗ ರೆಡ್ ಲೋರಿ ಬಂದಿದೆ. ಬಜ್ಜಿಗೆ ಹಾಕೋ ನವಣೆ, ಸೂರ್ಯಕಾಂತಿ ಬೀಜಾನೇ ಇದಕ್ಕೂ ಹಾಕ್ತಿದ್ದೀವಿ, ತಿಂತಾ ಇದೆ. ಸಾಕಲ್ವಾ?
— ಗೃಹಿಣಿ, ಮಂಗಳೂರು

ಉತ್ತರ: ಸಾಕಾಗಲ್ಲಮ್ಮ. ತಮಾಷೆ ಏನಂದ್ರೆ ಇಡೀ ಗಿಳಿ ಕುಲದಲ್ಲಿ ಲೋರಿಗೆ ತುಂಬಾ ಹತ್ತಿರದ ನೆಂಟರಲ್ಲಿ ನಿಮ್ಮ ಬಜ್ಜೀನೂ ಒಂದು, ಡಿಎನ್‌ಎ ನೋಡಿ ಹೇಳಿರೋ ಮಾತಿದು. ಆದ್ರೆ ಒಂದು ಒಣಗಿದ ಬಯಲಿಗೆ ಹೋಗಿ ಹುಲ್ಲಿನ ಬೀಜಕ್ಕೆ ಒಗ್ಗಿತು, ಇನ್ನೊಂದು ಹೂವಿಗೆ ಅಂಟ್ಕೊಂತು. ಲೋರಿ ಬೀಜ ತಿನ್ನಲ್ಲ ಅಂತಲ್ಲ, ಹಸಿವಾದ್ರೆ ತಿನ್ನುತ್ತೆ, ಕೆಲವು ಹಕ್ಕಿಗಳು ಹಾಗೇ ವರ್ಷ ದೂಡಿರೋದೂ ಇದೆ, ಅದನ್ನೇ ತೋರಿಸಿ ಅಂಗಡಿಯವರು ಏನೂ ಆಗಲ್ಲ ಅಂತಾರೆ. ಅರೆಯೋ ಬಲ ಇಲ್ಲದ ಹೊಟ್ಟೆಗೆ ಗಟ್ಟಿ ಕಾಳು ಹಾಕಿ, ಸೂರ್ಯಕಾಂತಿಯ ಎಣ್ಣೆ ಬೇರೆ ಲಿವರ್ ಮೇಲೆ ಹೇರಿ, ಹಕ್ಕಿ ಸೊರಗೋದು ನಿಧಾನಕ್ಕೆ ಕಾಣುತ್ತೆ. ಬಜ್ಜಿ ಬಟ್ಟಲು ಇದಕ್ಕೆ ಸಿಗದ ಹಾಗೆ ಪಂಜರ ಬೇರೆ ಮಾಡಿ. ಅದಕ್ಕೆ ಇನ್ನೊಂದು ಕಾರಣಾನೂ ಇದೆ, ಲೋರಿ ಜಗಳಗಂಟಿ, ಬಜ್ಜಿಯಂಥ ಚಿಕ್ಕ ಹಕ್ಕಿ ಕಾಲು ಕಚ್ಚಿ ಕಿತ್ತುಹಾಕುತ್ತೆ.

ಪ್ರಶ್ನೆ: ಡಾಕ್ಟ್ರ, ಈ ಪುಡಿ ಡಬ್ಬಿ ಎಲ್ಲಾ ಈಗ ಬಂದದ್ದು ಅಲ್ರಿ? ಹಿಂದಿನ ಮಂದಿ ಈ ಹಕ್ಕಿ ಸಾಕಿದ್ರೋ ಇಲ್ಲೋ, ಸಾಕಿದ್ರ ಏನ್ ಹಾಕ್ತಿದ್ರು ಹೇಳ್ರಿ.
— ನಿವೃತ್ತ ಮಾಸ್ತರರು, ಧಾರವಾಡ

ಉತ್ತರ: ಸಾಕಿದ್ರು ಸರ್, ಒಳ್ಳೇ ಪ್ರಶ್ನೆ ಕೇಳಿದ್ರಿ. 1770ರಲ್ಲಿ ಕ್ಯಾಪ್ಟನ್ ಕುಕ್ ಹಡಗು ಆಸ್ಟ್ರೇಲಿಯಾದ ಬಾಟನಿ ಕೊಲ್ಲಿಗೆ ಹೋಯ್ತಲ್ಲ, ಆ ಹಡಗಲ್ಲಿ ತುಪಾಯಾ ಅಂತ ಪಾಲಿನೇಷ್ಯಾದ ನಾವಿಕ ಇದ್ದ, ಅವನು ಅಲ್ಲಿ ಒಂದು ರೇನ್‌ಬೋ ಲೋರಿಕೀಟ್ ಹಿಡ್ಕೊಂಡು ಸಾಕ್ಕೊಂಡ. ಪಾಪ ಅವನು ಬಟಾವಿಯಾದಲ್ಲಿ, ಅಂದ್ರೆ ಈಗಿನ ಜಕಾರ್ತದಲ್ಲಿ ಕಾಯಿಲೆ ಬಂದು ತೀರ್ಕೊಂಡ, ಹಕ್ಕಿ ಮಾತ್ರ ಅದೇ ಹಡಗಲ್ಲಿದ್ದ ಸಸ್ಯವಿಜ್ಞಾನಿ ಜೋಸೆಫ್ ಬ್ಯಾಂಕ್ಸ್ ಜೊತೆ ಜೀವಂತ ಇಂಗ್ಲೆಂಡ್ ಸೇರ್ತು, 1774ರಲ್ಲಿ ಪೀಟರ್ ಬ್ರೌನ್ ಅನ್ನೋ ಕಲಾವಿದ ಅದರ ಚಿತ್ರ ಬರೆದು ಅಚ್ಚು ಹಾಕಿಸಿದ. ಒಂದು ಹೂವೂ ಕಾಣದ ಸಮುದ್ರದ ಮೇಲೆ ತಿಂಗಳುಗಟ್ಟಲೆ ಬದುಕಿದ ಹಕ್ಕಿ ಅದು, ಗಟ್ಟಿಪಿಂಡ!

ಆಮೇಲೆ ಇಂಗ್ಲೆಂಡಿನ ಹಕ್ಕಿ ಸಾಕೋರು ಹಾಲಲ್ಲಿ ನೆನೆಸಿದ ಬ್ರೆಡ್ಡು, ಸ್ಪಂಜ್ ಕೇಕು, ಕಂಡೆನ್ಸ್ಡ್ ಮಿಲ್ಕು, ಮಕ್ಕಳ ಊಟದ ಪುಡಿ, ಕೈಗೆ ಸಿಕ್ಕಿದ್ದನ್ನೆಲ್ಲಾ ಕಲಸಿ ಕೊಟ್ರು. ಹಕ್ಕಿ ಮರಿ ಮಾಡಿದ್ರೆ ಊಟ ಚೆನ್ನಾಗಿದೆ ಅಂತ ಲೆಕ್ಕ, ಒಳಗೆ ಲಿವರ್ ಏನಾಗಿದೆ ಅಂತ ನೋಡೋರಿರಲಿಲ್ಲ. ನಮ್ಮ ಅಂಗಡಿಯವರು ಈಗ್ಲೂ ಹೇಳೋ ರೆಸಿಪಿ ಆ ಕಾಲದ್ದೇ, ಅದು ಸುತ್ತಿ ಬಳಸಿ ದಾವಣಗೆರೆ ತನಕ ಬಂದಿದೆ. ಆಹಾರದಲ್ಲಿ ಏನೆಷ್ಟಿರ್ಬೇಕು ಅಂತ ಅಳೆದು ನೋಡೋ ಕೆಲಸ ಶುರುವಾಗಿದ್ದು ತೀರಾ ಈಚೆಗೆ.

ಪ್ರಶ್ನೆ: ಪುಡಿ ಆರ್ಡರ್ ಮಾಡಿದ್ರೆ ಕೆಲವು ಸಲ ಬರೋದು ತಡ ಆಗುತ್ತೆ, ರೇಟೂ ಜಾಸ್ತಿ. ಮನೇಲೇ ಮಾಡ್ಕೊಳ್ಳೋ ರೆಸಿಪಿ ಕೊಡಿ ಪ್ಲೀಸ್. ಬೆಲ್ಲದ ನೀರು, ರಾಗಿ ಸರಿ, ಎಳನೀರು ಇವೆಲ್ಲಾ ಆಗುತ್ತಾ?
— ಐಟಿ ಉದ್ಯೋಗಿ, ಬೆಂಗಳೂರು

ಉತ್ತರ: ಪುಡಿ ಖಾಲಿಯಾಗಿ ಒಂದೆರಡು ದಿನ ತಳ್ಳೋಕೆ ಹೇಳ್ತೀನಿ, ಇದನ್ನೇ ಖಾಯಂ ಮಾಡ್ಕೋಬೇಡಿ. ಕುದಿಸಿ ಆರಿಸಿದ ನೀರು 100 ಎಂಎಲ್‌ಗೆ ಮಾಮೂಲಿ ಬಿಳಿ ಸಕ್ಕರೆ 15 ಗ್ರಾಂ, ಅಂದ್ರೆ ಟೀ ಚಮಚದಲ್ಲಿ ಮೂರು. ಅದಕ್ಕೆ ನೀಟಾಗಿ ಬೇಯಿಸಿದ ಅಕ್ಕಿ ಗಂಜಿ ತಿಳಿ ಸ್ವಲ್ಪ, ಅರೆದ ಪಪ್ಪಾಯ ಅಥವಾ ಸೇಬು ಒಂದು ಚಮಚ. ಪಕ್ಕದಲ್ಲಿ ಹಣ್ಣಿನ ತುಂಡು, ಬೇಯಿಸಿದ ಮೊಟ್ಟೆಯ ಬಿಳಿ ಭಾಗ ಚೂರೇ ಚೂರು. ಅಷ್ಟೇ. ಬಿಳಿ ಸಕ್ಕರೆ ಅಂದ್ರೆ ಜನಕ್ಕೆ ಈಗ ಭಯ, ವಾಟ್ಸಾಪ್‌ನಲ್ಲಿ ಅದನ್ನ ವಿಷ ಅಂತ ಬರೆದೂ ಬರೆದೂ ಹಾಗಾಗಿದೆ, ಆದ್ರೆ ಮಕರಂದದಲ್ಲಿರೋ ಸುಕ್ರೋಸೇ ನಿಮ್ಮ ಸಕ್ಕರೆ ಡಬ್ಬೀಲೂ ಇರೋದು, ಲೋರಿ ಅದನ್ನ ಒಡೆದು ಚೆನ್ನಾಗೇ ಬಳಸ್ಕೊಳ್ಳುತ್ತೆ.

ಬೆಲ್ಲ ಬೇಡ. ನಾನು ಮಂಡ್ಯ ಕಡೆಯವಳು, ಬೆಲ್ಲದ ಮೇಲೆ ನಂಗೇನೂ ಕೋಪ ಇಲ್ಲ, ನಾವು ತಿಂದ್ರೆ ರಕ್ತ ಆಗುತ್ತೆ ಅಂತ ಯಾವ ಐರನ್ನಿಗೆ ಹೊಗಳ್ತೀವೋ ಅದೇ ಇಲ್ಲಿ ತೊಂದ್ರೆ. ರಾಗಿ ಸರಿ ಗಟ್ಟಿ ಪಿಷ್ಟ, ಅದೂ ಮುಖ್ಯ ಊಟ ಆಗಲ್ಲ. ಎಳನೀರಲ್ಲಿ ಇರೋ ಸಕ್ಕರೆ ಕಮ್ಮಿ, ಲೋರಿಗೆ ಅದರಿಂದ ಹೊಟ್ಟೆ ತುಂಬಲ್ಲ, ಬೇಸಿಗೇಲಿ ಒಂದೆರಡು ಗುಟುಕು ಕುಡಿದ್ರೆ ಕುಡೀಲಿ. ಶುಗರ್ ಫ್ರೀ ಮಾತ್ರೆ ಹಾಕ್ತೀನಿ ಅಂತ ಯಾರೋ ಒಬ್ರು ಬರೆದಿದ್ದಾರೆ, ದಯವಿಟ್ಟು ಬೇಡ, ಈ ಹಕ್ಕಿ ಬದುಕಿರೋದೇ ಸಕ್ಕರೆ ಶಕ್ತಿ ಮೇಲೆ, ಸಿಹಿ ಇದ್ದು ಶಕ್ತಿ ಇಲ್ಲದ್ದು ಕೊಟ್ರೆ ಕುಡೀತಾ ಕುಡೀತಾನೇ ಉಪವಾಸ ಬೀಳುತ್ತೆ.

ಪರಾಗದ ಬಗ್ಗೆ ನೀವು ಕೇಳಿಲ್ಲ, ಬೇರೆ ಇಬ್ರು ಕೇಳಿದ್ದಾರೆ. ಜೇನು ಮಾರೋರ ಹತ್ರ ಬೀ ಪೋಲನ್ ಅಂತ ಹಳದಿ ಉಂಡೆ ಉಂಡೆ ಸಿಗುತ್ತೆ, ತಾಜಾ ಇದ್ರೆ ವಾರಕ್ಕೆ ಎರಡು ಮೂರು ಸಲ ಚಿಟಿಕೆ ಪುಡಿ ಮಾಡಿ ಹಾಕ್ಬಹುದು. ಪರಾಗದ ಕಣಕ್ಕೆ ಗಟ್ಟಿ ಸಿಪ್ಪೆ ಇದೆ, ಲೋರಿಗೂ ಪೂರ್ತಿ ಜೀರ್ಣ ಆಗಲ್ಲ, ಹಾಗಾಗಿ ಚಮಚಗಟ್ಟಲೆ ಸುರಿದ್ರೆ ದುಡ್ಡು ದಂಡ.

ಪ್ರಶ್ನೆ: ನಮ್ಮದು ಕಾಫಿ ತೋಟ. ಸಿಲ್ವರ್ ಮರ, ಹಾಲುವಾಣ, ಬಾಟಲ್ ಬ್ರಷ್, ದಾಸವಾಳ ಎಲ್ಲಾ ಇವೆ. ತಮ್ಮನ ಹತ್ರ ಎರಡು ಲೋರಿ. ಡಬ್ಬಿ ಪುಡಿ ಯಾಕೆ, ಹೂವೇ ಕೊಯ್ದು ಕೊಟ್ರೆ ಆಗಲ್ವಾ? ಬೆಣ್ಣೆಹಣ್ಣೂ ಮರದ ಕೆಳಗೆ ಬಿದ್ದು ಕೊಳೀತಾ ಇದೆ.
— ಬೆಳೆಗಾರರು, ಸಕಲೇಶಪುರ

ಉತ್ತರ: ನಿಮ್ಮ ಪತ್ರ ಓದಿ ಖುಷಿ ಆಯ್ತು, ಮರುಕ್ಷಣವೇ ಎದೆ ಧಸಕ್ ಅಂತು. ಕೊನೇ ಸಾಲಿನಿಂದಲೇ ಶುರು ಮಾಡ್ತೀನಿ. ಬೆಣ್ಣೆಹಣ್ಣು, ಅಂದ್ರೆ ಬಟರ್ ಫ್ರೂಟ್, ಗಿಳಿಗಳಿಗೆ ವಿಷ. ಹಣ್ಣು, ಎಲೆ, ಬೀಜ ಎಲ್ಲಾದ್ರಲ್ಲೂ ಪರ್ಸಿನ್ ಅನ್ನೋ ವಸ್ತು ಇದೆ, ಹಕ್ಕಿಯ ಹೃದಯಕ್ಕೆ ಹೊಡೆಯುತ್ತೆ, ಚಿಕ್ಕ ಗಿಳಿಗಳು ಒಂದೆರಡು ದಿನದಲ್ಲೇ ಸತ್ತಿರೋದುಂಟು. ಮಲೆನಾಡು, ಕೊಡಗಲ್ಲಿ ಈ ಹಣ್ಣು ಪುಕ್ಕಟೆ ಸಿಗೋದ್ರಿಂದ ಇದನ್ನ ದಪ್ಪ ಅಕ್ಷರದಲ್ಲಿ ಹಾಕಿ ಅಂತ ಸಂಪಾದಕರಿಗೆ ಹೇಳಿದ್ದೀನಿ.

ಇನ್ನು ಹೂವು. ಸಿಲ್ವರ್ ಓಕು, ಬಾಟಲ್ ಬ್ರಷ್ಷು, ನೀಲಗಿರಿ ಮೂರೂ ಆಸ್ಟ್ರೇಲಿಯಾದಿಂದ ಬಂದ ಮರಗಳೇ ಅಲ್ವಾ, ನೆರಳಿಗೆ ಅಂತ, ಅಂದಕ್ಕೆ ಅಂತ, ಸೌದೆಗೆ ಅಂತ ತಂದು ನೆಟ್ಟಿದ್ದು, ಅಲ್ಲಿ ರೇನ್‌ಬೋ ಲೋರಿಕೀಟ್‌ಗಳು ಇವೇ ಮರಗಳ ಹೂವಿಗೆ ಮುತ್ಕೊಳ್ತವೆ. ನಿಮ್ಮ ತಮ್ಮನ ಹಕ್ಕಿಗಳ ತವರೂರಿನ ಊಟ ನಿಮ್ಮ ತೋಟದ ಬೇಲಿ ಮೇಲೇ ಅರಳ್ತಾ ಇದೆ. ಬಾಟಲ್ ಬ್ರಷ್ಷಿಗೆ ನನ್ನ ಫಸ್ಟ್ ಓಟು: ಹೂವು ಬಿಟ್ಟ ರೆಂಬೆ ಹಾಗೇ ಕತ್ತರಿಸಿ ಪಂಜರದೊಳಗೆ ಕಟ್ಟಿ, ಅರ್ಧ ದಿನ ಅದರಲ್ಲೇ ಮುಳುಗಿರುತ್ತೆ, ಆ ನಾಲಿಗೆ ಯಾತಕ್ಕಿದೆ ಅಂತ ಆಗ ಕಣ್ಣಾರೆ ನೋಡ್ಬಹುದು. ಮಧ್ಯಾಹ್ನದ ಕಿರುಚಾಟಾನೂ ಕಡಿಮೆ ಆಗುತ್ತೆ, ಯಾಕಂದ್ರೆ ಕಾಡಲ್ಲಿ ದಿನದ ಬಹುಪಾಲು ಹುಡುಕೋದ್ರಲ್ಲೇ ಕಳೆಯೋ ಹಕ್ಕಿಗೆ ಬಟ್ಟಲಲ್ಲಿ ಐದೇ ನಿಮಿಷಕ್ಕೆ ಊಟ ಮುಗಿದ್ರೆ ಮಿಕ್ಕ ಹೊತ್ತು ಏನ್ ಮಾಡ್ಬೇಕು ಹೇಳಿ. ಹಾಲುವಾಣದ ಕೆಂಪು ಹೂವು, ದಾಸವಾಳ, ನುಗ್ಗೆ ಹೂವು ಕೂಡ ಕೊಡ್ಬಹುದು. ಸಿಲ್ವರ್ ಓಕ್ ಮಾತ್ರ ಪಂಜರದೊಳಗೆ ಬೇಡ ಅಂತೀನಿ, ಆ ಮರದ ಹೂವು ಕಾಯಲ್ಲಿ ಸೈನೈಡ್ ಬಿಡೋ ಅಂಶ ಇದೆ. ಕಾಡಿನ ಲೋರಿಕೀಟ್ ಮಕರಂದ ನೆಕ್ಕಿ ಮುಂದಿನ ಮರಕ್ಕೆ ಹಾರುತ್ತೆ, ಪಂಜರದ್ದು ಬೇಜಾರಿಗೆ ಹೂವು, ಕಾಯಿ, ತೊಗಟೆ ಎಲ್ಲಾ ಅಗಿಯುತ್ತೆ, ಅದಕ್ಕೆ ಈ ಜಾಗ್ರತೆ. ಕಣಗಿಲೆ ಹತ್ರಾನೂ ತರ್ಬೇಡಿ, ಪೂಜೆಗೆ ಕೊಯ್ದ ಬುಟ್ಟೀಲಿ ದಾಸವಾಳದ ಜೊತೆ ಅದೂ ಸೇರಿರುತ್ತೆ, ನೋಡ್ಕೊಳಿ.

ಆದ್ರೆ ಇದನ್ನೇ ಊಟ ಮಾಡ್ಬಿಡಬಹುದಾ ಅಂದ್ರೆ ಇಲ್ಲ. ಒಂದು ಹೂವಲ್ಲಿರೋದು ಹನಿ ಮಕರಂದ, ಬಾಟಲ್ ಬ್ರಷ್ ಖಾಲಿ ಆದ ತಿಂಗಳು ಏನ್ ಮಾಡ್ತೀರಿ? ಪುಡಿ ಇರ್ಲಿ, ಹೂವು ಮೇಲಿಂದ. ಇನ್ನೊಂದು, ನೀವು ಪ್ಲಾಂಟರ್ರು, ಹೇಳ್ಬೇಕಾಗಿಲ್ಲ, ಆದ್ರೂ ಹೇಳ್ತೀನಿ: ಸ್ಪ್ರೇ ಹೊಡೆದ ಬ್ಲಾಕಿನ ಹೂವು ತರ್ಬೇಡಿ, ಮಾರ್ಕೆಟ್ಟಿನ ಹೂವಂತೂ ಮುಟ್ಲೇಬೇಡಿ.

ಪ್ರಶ್ನೆ: ನಾವು ಬ್ರಿಸ್ಬೇನ್‌ನಲ್ಲಿದ್ದೀವಿ. ಬಾಲ್ಕನಿಗೆ ದಿನಾ ಸಂಜೆ ಹತ್ತಿಪ್ಪತ್ತು ರೇನ್‌ಬೋ ಲೋರಿಕೀಟ್ ಬರ್ತವೆ, ಅತ್ತೆ ಊರಿಂದ ಬಂದವರು ಬ್ರೆಡ್ಡಿಗೆ ಜೇನು ಸವರಿ ತಟ್ಟೇಲಿ ಇಡ್ತಾರೆ, ಅವರಿಗೆ ಅದೇ ಟೈಮ್‌ಪಾಸ್. ಪಕ್ಕದ ಮನೆಯವರು ಬೇಡ ಅಂತಾರೆ. ಅತ್ತೆಗೆ ಬೇಜಾರಾಗದ ಹಾಗೆ ಏನಾದ್ರೂ ಹೇಳಿ.
— ಮಂಡ್ಯದ ಸೊಸೆ, ಬ್ರಿಸ್ಬೇನ್

ಉತ್ತರ: ನಿಮ್ಮತ್ತೆ ಮಾಡ್ತಿರೋದನ್ನ ನಿಮ್ಮ ಮನೆಯಿಂದ ಒಂದೊಂದೂವರೆ ಗಂಟೆ ದಾರಿಯ ಕರಂಬಿನ್‌ನಲ್ಲಿ ಅಲೆಕ್ಸ್ ಗ್ರಿಫಿತ್ಸ್ ಅನ್ನೋರು 1947ರಲ್ಲೇ ಶುರು ಮಾಡಿದ್ರು ಅಂತ ಹೇಳಿ, ಖುಷಿ ಪಡ್ತಾರೆ. ಅವರು ಹೂವು ಬೆಳೆಯೋರು, ಜೇನು ಸಾಕೋರು. ಲೋರಿಕೀಟ್‌ಗಳು ಬಂದು ಹೂವಿನ ಬೆಳೆ ಹಾಳು ಮಾಡ್ತಿದ್ವು, ಓಡಿಸೋ ಬದ್ಲು ಜೇನು, ಬ್ರೆಡ್ ಇಟ್ಟು ಬೇರೆ ಕಡೆ ಸೆಳೆದ್ರು. ಅದನ್ನ ನೋಡೋಕೆ ಜನ ಬಂದ್ರು, ಅದೇ ಬೆಳೆದು ಇವತ್ತಿನ ಕರಂಬಿನ್ ವನ್ಯಧಾಮ ಆಯ್ತು, 1976ರಲ್ಲಿ ಅವರು ಅದನ್ನ ಕ್ವೀನ್ಸ್‌ಲ್ಯಾಂಡಿನ ನ್ಯಾಷನಲ್ ಟ್ರಸ್ಟ್‌ಗೆ ಕೊಟ್ಬಿಟ್ರು. ಅಲ್ಲಿ ಈಗ ಜೇನು ಬ್ರೆಡ್ ಇಡಲ್ಲ, ಲೋರಿಕೀಟ್‌ಗೆ ಅಂತ ಮಾಡಿದ ಮಕರಂದದ ಮಿಕ್ಸೇ ಇಡೋದು. ಅತ್ತೇನ ಒಂದಿನ ಅಲ್ಲಿಗೆ ಕರ್ಕೊಂಡು ಹೋಗಿ, ತಟ್ಟೆ ಹಿಡ್ಕೊಂಡು ನಿಂತ್ರೆ ತಲೆ ಮೇಲೇ ಕೂರ್ತವೆ.

ಮನೇಲಿ ಮಾತ್ರ ನಿಲ್ಲಿಸೋದು ಒಳ್ಳೇದು, ಪಕ್ಕದ ಮನೆಯವರು ಹೇಳೋದ್ರಲ್ಲಿ ಅರ್ಥ ಇದೆ. ತಟ್ಟೇಲಿ ಉಳಿದ ಸಿಹಿ ಬ್ರೆಡ್ಡಲ್ಲಿ ಕ್ಲಾಸ್ಟ್ರಿಡಿಯಂ ಬ್ಯಾಕ್ಟೀರಿಯಾ ಬೆಳೆದು ಕರುಳು ಕೊಳೆಯೋ ಕಾಯಿಲೆ ಬರುತ್ತೆ, ಜನ ಊಟ ಇಡೋ ಕಡೆ ಸೇರೋ ಲೋರಿಕೀಟ್‌ಗಳಲ್ಲಿ ಇದು ಕಂಡಿದೆ. ಇಪ್ಪತ್ತು ಹಕ್ಕಿ ಒಂದೇ ತಟ್ಟೆಗೆ ಬಾಯಿ ಹಾಕಿದ್ರೆ ಗರಿ ಉದುರೋ, ಕೊಕ್ಕು ಹಾಳಾಗೋ ವೈರಸ್ಸೂ ಒಂದರಿಂದ ಇನ್ನೊಂದಕ್ಕೆ ಹೋಗುತ್ತೆ. ಅದರ ಬದ್ಲು ಕುಂಡದಲ್ಲಿ ಗ್ರೆವಿಲ್ಲಿಯಾ, ಬಾಟಲ್ ಬ್ರಷ್ ಕುಳ್ಳ ಜಾತಿಯ ಗಿಡ ಹಾಕ್ಲಿ, ನೀರಿನ ಅಗಲ ಬಟ್ಟಲು ಇಡ್ಲಿ, ಹಕ್ಕಿ ಬರೋದೇನೂ ತಪ್ಪಲ್ಲ.

ಹಾಗೇ ಒಂದು ಎಚ್ಚರಿಕೆ. ನಿಮ್ಮ ಕಡೆ ಬೇಸಿಗೆ ಹೊತ್ತಿಗೆ ಲೋರಿಕೀಟ್‌ಗಳು ಹಾರೋಕಾಗ್ದೆ, ರೆಪ್ಪೆ ಬಡಿಯೋಕೂ ಆಗ್ದೆ ಬೀದೀಲಿ ಬಿದ್ದಿರ್ತವೆ, ಲೋರಿಕೀಟ್ ಪ್ಯಾರಲಿಸಿಸ್ ಅಂತಾರೆ, ಯಾವುದೋ ಗಿಡದ ವಿಷ ಅನ್ನೋ ಅನುಮಾನದ ಮೇಲೆ ಸಿಡ್ನಿ ವಿಶ್ವವಿದ್ಯಾಲಯದವರು ಹುಡುಕ್ತಾ ಇದ್ದಾರೆ. ಅಂಥ ಹಕ್ಕಿಗೆ ನುಂಗೋಕೂ ಬರಲ್ಲ, ಪಾಪ ಅಂತ ಬಾಯಿಗೆ ಸಕ್ಕರೆ ನೀರು ಬಿಟ್ರೆ ಶ್ವಾಸಕ್ಕೆ ಇಳಿದು ಸಾಯುತ್ತೆ. ಟವೆಲ್ ಹಾಕಿದ ಡಬ್ಬದಲ್ಲಿ ಇಟ್ಟು ಹತ್ತಿರದ ವನ್ಯಜೀವಿ ಆಸ್ಪತ್ರೆಗೆ ಕೊಡಿ, ಬೇಗ ಸಿಕ್ಕಿದ ಹಕ್ಕಿಗಳು ಎಷ್ಟೋ ಚೇತರಿಸ್ಕೊಳ್ತವೆ.

ಪ್ರಶ್ನೆ: ಮಕರಂದ ಬೆಳಿಗ್ಗೆ ಇಟ್ಟು ಆಫೀಸಿಗೆ ಹೋದ್ರೆ ಸಂಜೆ ಬರೋದು. ಹುಳಿ ವಾಸನೆ ಬರುತ್ತೆ, ಇರುವೆ ಬೇರೆ.
— ಕಲಬುರಗಿ

ಉತ್ತರ: ಕಲಬುರಗಿ ಬಿಸಿಲಲ್ಲಿ ಸಂಜೆ ತನಕ ಇಟ್ರೆ ಅದು ಮಕರಂದ ಅಲ್ಲ, ಸೇಂದಿ. ಮಾಮೂಲಿ ಹವೆಯಲ್ಲೇ ನಾಲ್ಕು ಗಂಟೆ ಮೇಲೆ ಇಡ್ಬಾರ್ದು ಅಂತೀವಿ, ನಿಮ್ಮೂರ ಏಪ್ರಿಲ್, ಮೇನಲ್ಲಿ ಎರಡು ಗಂಟೆ ಸಾಕು. ಹುಳಿ ಬಂದಿದ್ದು ಕುಡಿದ್ರೆ ಬಾಯಲ್ಲಿ, ಗಂಟಲಲ್ಲಿ ಬೆಳ್ಳಗೆ ಫಂಗಸ್ ಬೆಳೆಯುತ್ತೆ. ಬೆಳಿಗ್ಗೆ ನೀವು ಹೊರಡೋ ತನಕ ಒದ್ದೆ ಮಕರಂದ ಇಟ್ಟು ಎತ್ತಿಬಿಡಿ, ಹಗಲಿಗೆ ಒಣ ಪುಡಿಯಾಗೇ ತಿನ್ನೋ ಲೋರಿ ಮಿಕ್ಸ್ ಬರುತ್ತೆ, ಅದು, ಜೊತೆಗೆ ನೀರು, ಸೇಬಿನ ತುಂಡು. ಸಂಜೆ ಬಂದು ಮತ್ತೆ ಒದ್ದೆದು. ಒಣ ಪುಡಿ ಇಟ್ಟಾಗ ನೀರು ಖಾಲಿ ಆಗ್ಲೇಬಾರ್ದು, ಎರಡು ಬಟ್ಟಲು ಇಡಿ. ಬಟ್ಟಲು ಸ್ಟೀಲಿದೇ ಇರ್ಲಿ, ಪ್ಲಾಸ್ಟಿಕ್ ಗೀರಿನೊಳಗೆ ಕೊಳೆ ಕೂರುತ್ತೆ, ಪ್ರತಿ ಸಲ ಬಿಸಿ ನೀರು, ಸೋಪು ಹಾಕಿ ಬ್ರಷ್‌ನಲ್ಲಿ ತಿಕ್ಕಿ. ಇರುವೆಗೆ ಔಷಧಿ ಹೊಡೀಬೇಡಿ, ಪಂಜರದ ಸ್ಟ್ಯಾಂಡ್ ಕಾಲುಗಳನ್ನ ನೀರು ತುಂಬಿದ ತಟ್ಟೇಲಿ ಇಡಿ, ಅಜ್ಜಿ ಕಾಲದಲ್ಲಿ ಹಾಲಿನ ಬೀರುಗೆ ಮಾಡ್ತಿದ್ದಂಗೆ.

ಪ್ರಶ್ನೆ: ನಮ್ಮ ಅಡಿಕೆ ತೋಟದಲ್ಲಿ ತಲೆಕೆಳಗಾಗಿ ಜೋತು ಮಲಗೋ ಪುಟ್ಟ ಹಸಿರು ಗಿಳಿ ಮರಿ ಬಿದ್ದಿತ್ತು. ಅದೂ ಹೂವಿನ ರಸ ಕುಡಿಯುತ್ತೆ ಅಂತ ಓದಿದೆ. ಲೋರಿ ಪುಡಿ ಕೊಟ್ಟು ಸಾಕ್ಬಹುದಾ?
— ಪಿಯುಸಿ ವಿದ್ಯಾರ್ಥಿ, ಶಿರಸಿ

ಉತ್ತರ: ಸಾಕೋ ಹಾಗಿಲ್ಲ ತಮ್ಮಾ. ಅದು ನಮ್ಮ ಪಶ್ಚಿಮಘಟ್ಟದ್ದೇ ಗಿಳಿ, ಹಳೇ ಪುಸ್ತಕಗಳಲ್ಲಿ ಅದನ್ನೂ ಲೋರಿಕೀಟ್ ಅಂತಲೇ ಕರೆದಿದ್ದಾರೆ, ಆದ್ರೆ ಲೋರಿ ವಂಶದ್ದಲ್ಲ, ಮಕರಂದ ಕುಡಿಯೋ ಅಭ್ಯಾಸ ಅಷ್ಟೇ ಒಂದೇ. ನಮ್ಮ ದೇಶದ ಯಾವ ಕಾಡುಗಿಳಿಯನ್ನೂ ಮನೇಲಿ ಇಟ್ಕೊಳ್ಳೋದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ಮರಿ ಬಿದ್ದ ಮರದ ಪೊಟರೆ ಕಂಡ್ರೆ ಅಲ್ಲಿಗೇ ವಾಪಸ್ ಬಿಡಿ, ಮನುಷ್ಯ ಮುಟ್ಟಿದ್ರೆ ತಾಯಿ ಸೇರಿಸಲ್ಲ ಅನ್ನೋದು ಸುಳ್ಳು. ಆಗಲ್ಲ ಅಂದ್ರೆ ಬೆಚ್ಚಗೆ ಡಬ್ಬದಲ್ಲಿಟ್ಟು ಅರಣ್ಯ ಇಲಾಖೆ ಕಚೇರಿಗೆ ಕೊಡಿ, ಬಾಯಿಗೆ ಏನೂ ಹಾಕ್ಬೇಡಿ.

ಪ್ರಶ್ನೆ: ಹಾಗಾದ್ರೆ ನಾವು ಸಾಕಿರೋ ಲೋರಿಗೂ ಲೈಸೆನ್ಸ್ ಬೇಕಾ?
— ಹುಬ್ಬಳ್ಳಿ

ಉತ್ತರ: ರಿಜಿಸ್ಟರ್ ಮಾಡ್ಸಬೇಕು. ಲೋರಿಗಳೆಲ್ಲಾ ಸೈಟಿಸ್ ಅನ್ನೋ, ಕಾಡುಪ್ರಾಣಿ ಸಸ್ಯಗಳ ವ್ಯಾಪಾರಕ್ಕೆ ಕಡಿವಾಣ ಹಾಕೋ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟೀಲಿವೆ. ನಮ್ಮ ವನ್ಯಜೀವಿ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಆಗಿ, 2024ರಲ್ಲಿ ನಿಯಮ ಬಂದು, ಇಂಥ ವಿದೇಶಿ ಪ್ರಾಣಿ ಪಕ್ಷಿ ಇಟ್ಕೊಂಡೋರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸ್ಬೇಕು ಅಂತ ಆಗಿದೆ. ತಗೊಳ್ಳೋವಾಗ್ಲೇ ಅಂಗಡಿಯವರ ಹತ್ರ ಬಿಲ್ಲು, ಕಾಗದ ಪತ್ರ ಕೇಳಿ. ಕಾಗದ ಇಲ್ಲ, ಕ್ಯಾಶ್ ಕೊಡಿ ಅಂದ್ರೆ ಆ ಹಕ್ಕಿ ಬೇಡ.

ಪ್ರಶ್ನೆ: ಬಜೆ ತೇಯ್ದು ಜೇನಲ್ಲಿ ನೆಕ್ಕಿಸಿದ್ರೆ ಮಾತು ಬೇಗ ಬರುತ್ತೆ ಅಂತಾರೆ ನಮ್ಮಜ್ಜಿ, ಹಸಿಮೆಣಸಿನಕಾಯಿ ಕೊಡಿ ಅಂತಾರೆ ಮಾವ. ಲೋರಿಗೆ ಯಾವುದು ಕೊಡ್ಲಿ?
— ತುಮಕೂರು

ಉತ್ತರ: ಎರಡೂ ಬೇಡ. ಮೆಣಸಿನಕಾಯಿ ಖಾರ ಹಕ್ಕಿಗೆ ಗೊತ್ತೇ ಆಗಲ್ಲ, ಹಾಗಾಗಿ ಅದರಿಂದ ನಾಲಿಗೆ ಚುರುಕಾಗೋ ಮಾತೇ ಇಲ್ಲ, ಬಜೆ ಅಂತೂ ಅಷ್ಟು ಚಿಕ್ಕ ಹಕ್ಕಿಗೆ ಅಪಾಯ. ಗಿಳಿ ಮಾತು ಕಲಿಯೋದು ಜೊತೇಲಿರೋರ ಮಾತು ಕೇಳಿ ಕೇಳಿ. ದಿನಾ ಬೆಳಿಗ್ಗೆ ಬಟ್ಟಲು ಇಡೋವಾಗ ಒಂದೇ ಮಾತನ್ನ ಹೇಳ್ತಾ ಬನ್ನಿ, ಅದನ್ನೇ ಮೊದ್ಲು ಹಿಡ್ಕೊಳ್ಳುತ್ತೆ. ಮನೇಲಿ ಬೈಗುಳ ಜಾಸ್ತಿ ಇದ್ರೆ ಅದೂ ಬರುತ್ತೆ, ನೆಂಟರು ಬಂದಾಗ ನನ್ನನ್ನ ಬೈಕೋಬೇಡಿ.